ಹಾವುಮರದ ಪೆನ್ನು

ಪೆನ್ನಿನವನಿಗೆ ಜಂಬ ಜಾಸ್ತಿ. ಹಾಗಂತ ಅವನ ಹೆಂಡತಿಯೇ ಹೇಳುತ್ತಿದ್ದಳು, ಅಕ್ಕನೂ ಹೇಳುತ್ತಿದ್ದಳು, ಬೀದಿಯವರ ಮಾತಂತೂ ಕೇಳುವುದೇ ಬೇಡ. ಆದರೆ ಜಂಬಕ್ಕೆ ಕಾರಣ ಇರಲಿಲ್ಲ ಅನ್ನುವಂತಿಲ್ಲ. ಮರದ ಪೆನ್ನು ಕಡೆಯುವವರು ಆ ಊರಲ್ಲಿ ಇನ್ನೂ ಕೆಲವರಿದ್ದರು. ಅವರೆಲ್ಲ ಮುಟ್ಟಲು ಹೆದರುವ ಮರವೊಂದನ್ನು ಇವನು ಹಟಕ್ಕೆ ಬಿದ್ದು ತರಿಸುತ್ತಿದ್ದ. ಸಮುದ್ರದಾಚೆಯಿಂದ ಬರುವ ಮರ ಅದು. ಕಡುಗೆಂಪು ಮೈ, ಮೈತುಂಬ ಹಾವಿನ ಚರ್ಮದ ಹಾಗೆ ಕಪ್ಪು ಚುಕ್ಕೆ. ಮರದ ವ್ಯಾಪಾರಿ ಅದಕ್ಕೆ ಏನೋ ಉದ್ದನೆಯ ಹೆಸರು ಹೇಳುತ್ತಿದ್ದ. ಅಕ್ಕ ಮಾತ್ರ ಹಾವುಮರ ಅಂದಳು, ಮನೆಯಲ್ಲಿ ಅದೇ ನಿಂತಿತು. ನೋಡಲು ಎಷ್ಟು ಚೆಂದವೋ ಗುಣ ಅಷ್ಟೇ ಕೆಟ್ಟದ್ದು. ಸ್ವಲ್ಪ ಬಿಸಿ ತಾಗಿದರೆ ಸೀಳು, ಹವೆ ಒಣಗಿದರೆ ಸೀಳು, ಏನೂ ಆಗದೆ ಇದ್ದರೂ ಸುಮ್ಮನೆ ಬೇಜಾರಿಗೆಂದು ಒಂದು ಸೀಳು.

"ನಾನು ಮಾಡಿದ ಪೆನ್ನು ಸೀಳಿದ್ದನ್ನ ನೀವು ಯಾರಾದ್ರೂ ನೋಡಿದೀರಾ?" ಎಂದು ಅವನು ಗಿರಾಕಿಗಳ ಮುಂದೆ ಎದೆಯುಬ್ಬಿಸುತ್ತಿದ್ದ. ಯಾರೂ ನೋಡಿರಲಿಲ್ಲ.

ಕಾಯುವುದರಲ್ಲೇ ಎಲ್ಲ ಇದೆ ಎಂದು ಅವನು ನಂಬಿದ್ದ. ಮರದ ತುಂಡಿಗೆ ಸಣ್ಣ ತೂತು ಕೊರೆದು ಅಟ್ಟದ ಮೇಲೆ ಇಡುವುದು, ಕೆಲವು ವಾರ ಅತ್ತ ತಲೆಹಾಕದೆ ಇರುವುದು. ಆಮೇಲೆ ತೂತನ್ನು ಹಿಗ್ಗಿಸಿ ಮತ್ತೆ ಇಡುವುದು. ಒಳಗೆ ಕೂರಿಸುವ ಹಿತ್ತಾಳೆ ಕೊಳವೆ ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ. ಅದು ಕುಗ್ಗುವಷ್ಟು ಕುಗ್ಗಿ ಮುಗಿಯುವ ತನಕ ಕಡೆಯುವ ಯಂತ್ರಕ್ಕೆ, ಅಂದರೆ ಲೇತಿಗೆ, ಹಾಕಬಾರದು. ಹೀಗೆ ಕಾದು ಕಾದು ಕಡೆದು, ಕಡೆದದ್ದನ್ನು ಅಕ್ಕನ ಮೇಜಿನ ಮೇಲೆ ಇಟ್ಟರೆ ಅವನ ಕೆಲಸ ಮುಗಿಯಿತು. ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಹಾಕುವುದು ಅಕ್ಕನ ಪಾಲು. ಅದೊಂದು ದೊಡ್ಡ ಕೆಲಸ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ, ಆ ಮೇಜಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಕ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಇವನ ಪೆನ್ನು ಉಜ್ಜೋರು ಯಾರು?" ಅನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು.

ಇಷ್ಟು ವರ್ಷದ ಮರದ ಪುಡಿ ಅವಳ ಎದೆಯೊಳಗೆ ಕೂತುಬಿಟ್ಟಿತ್ತು. ಮೊದಲು ಕೆಮ್ಮು, ಆಮೇಲೆ ಉಬ್ಬಸ, ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುವ ಸ್ಥಿತಿ. ಡಾಕ್ಟರು ಕಾರ್ಖಾನೆಯ ಬಾಗಿಲಿಗೂ ಹೋಗಕೂಡದು ಅಂದರು. ಕಾರ್ಖಾನೆ ಅಂದರೆ ಏನು, ಮನೆಯ ಹಿಂದಿನ ಒಂದು ಕೋಣೆ. ಹಾಸಿಗೆಯಲ್ಲಿ ಮಲಗಿ ಲೇತಿನ ಸದ್ದು ಕೇಳುತ್ತಿದ್ದ ಅಕ್ಕ ಒಂದು ದಿನ ತಮ್ಮನನ್ನು ಕರೆದಳು.

"ಊರಿಗೆಲ್ಲ ಮಾಡಿಕೊಟ್ಟೆ. ನನಗೂ ಒಂದು ಹಾವುಮರದ ಪೆನ್ನು ಮಾಡಿಕೊಡೋ."

ಅವಳು ಏನನ್ನಾದರೂ ಕೇಳಿದ್ದೇ ಅದು ಮೊದಲು. ಅವನು ಇದ್ದುದರಲ್ಲಿ ಚುಕ್ಕೆ ಒತ್ತಾಗಿದ್ದ ತುಂಡನ್ನು ಆರಿಸಿ, ಕೊರೆದು, ಅಟ್ಟದ ಮೇಲೆ ಇಟ್ಟ. ಅಕ್ಕನ ಪೆನ್ನು, ಹೆಚ್ಚುಕಡಿಮೆ ಆಗಬಾರದು, ಎಲ್ಲದಕ್ಕಿಂತ ಜಾಸ್ತಿ ಕಾಯಬೇಕು ಎಂದುಕೊಂಡ. ವಾರಗಳು ಹೋದವು. ಅಕ್ಕ ಬಡವಾಗುತ್ತಾ ಬಂದಳು, ತುಂಡು ಅಟ್ಟದಲ್ಲೇ ಇತ್ತು.

"ಎಲ್ಲಿಗೆ ಬಂತೋ ನನ್ನ ಪೆನ್ನು?"

"ಇನ್ನೂ ಮರ ಕುಗ್ಗಿ ಕೂತಿಲ್ಲ ಕಣೆ."

"ಸೀಳಿದ್ರೆ ಸೀಳಲಿ, ಮಾಡಿ ಕೊಟ್ಟುಬಿಡು. ನಾನೇನು ಅದರಲ್ಲಿ ಪುರಾಣ ಬರೀಬೇಕಾ?"

ಅವನಿಗೆ ಎಲ್ಲಿತ್ತೋ ಕೋಪ. "ಸೀಳಿದ ಪೆನ್ನು ನನ್ನ ಕೈಯಿಂದ ಆಚೆ ಹೋಗಲ್ಲ. ಏನು ಗಾಡಿ ಹೊರಟುಹೋಗ್ತಿದೆಯಾ? ಸುಮ್ಮನೆ ಮಲಗು," ಎಂದು ಗದರಿ ಎದ್ದು ಬಂದ. ಕೋಪ ಅಕ್ಕನ ಮೇಲಲ್ಲ, ಅದು ಅವನಿಗೂ ಗೊತ್ತಿತ್ತು. ಅವಸರದಲ್ಲಿ ಆ ತುಂಡನ್ನು ಲೇತಿಗೆ ಏರಿಸಿದರೆ, ಅಕ್ಕ ಹೋಗುತ್ತಾಳೆ ಎಂದು ತಾನೇ ಒಪ್ಪಿಕೊಂಡ ಹಾಗೆ. ಅದು ಅಟ್ಟದ ಮೇಲೆ ಇರುವಷ್ಟು ದಿನ ಇವಳೂ ಇರುತ್ತಾಳೆ ಎಂದು ಒಳಗೊಳಗೇ ಹುಚ್ಚು ಲೆಕ್ಕ ಹಾಕಿಕೊಂಡಿದ್ದ. ಮನುಷ್ಯ ಹೆದರಿದಾಗ ಎಂಥೆಂಥದ್ದನ್ನೋ ನಂಬುತ್ತಾನೆ, ಪಾಪ.

ಒಂದು ಮಧ್ಯಾಹ್ನ ಹೆಂಡತಿ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವಳು ಜಗಳಕ್ಕೆ ಬರುವಾಗ ಸೆರಗು ಸಿಕ್ಕಿಸಿಕೊಂಡು ಬರುತ್ತಾಳೆ. ಇವತ್ತು ಹಾಗೇನೂ ಇರಲಿಲ್ಲ.

"ಅತ್ತಿಗೆ ಪೆನ್ನಿನ ವಿಷಯ ಕೇಳೋದು ಬಿಟ್ಟಿದಾರೆ. ನಿಮಗೆ ಗೊತ್ತಾಯ್ತಾ?" ಅಂದಳು.

ಗೊತ್ತಾಗಿರಲಿಲ್ಲ. ಹೆಂಡತಿ ಒಳಗೆ ಹೋದಳು. ಅವನು ಅಟ್ಟಕ್ಕೆ ಕೈಚಾಚಿ ತುಂಡನ್ನು ಇಳಿಸಿದ.

ಕೊಳವೆ ಅಂಟಿಸಿ, ಅಂಟು ಹಿಡಿಯುತ್ತಿದ್ದ ಹಾಗೆಯೇ ಲೇತಿಗೆ ಏರಿಸಿದ. ಉಳಿ ಹಿಡಿದ ಕೈ ಅದರ ಪಾಡಿಗೆ ಕೆಲಸ ಮಾಡಿತು, ಮರವೂ ಯಾಕೋ ತಕರಾರು ಮಾಡಲಿಲ್ಲ. ಕಡೆದು ಮುಗಿಸಿ ಅಭ್ಯಾಸಬಲದಿಂದ ಅಕ್ಕನ ಮೇಜಿನ ಮೇಲೆ ಇಟ್ಟ. ಇಟ್ಟ ಮೇಲೆ ನೆನಪಾಯಿತು. ಉಜ್ಜುವವರು ಯಾರು? ಪೆನ್ನನ್ನು ಮತ್ತೆ ಲೇತಿಗೆ ಏರಿಸಿ ತಾನೇ ಉಪ್ಪುಕಾಗದ ತೆಗೆದುಕೊಂಡ. ಗಟ್ಟಿಮರ ಅಲ್ಲವೇ, ಗಟ್ಟಿಯಾಗಿಯೇ ಒತ್ತಿದ. ಬೆರಳಿಗೆ ಬಿಸಿ ತಾಗಿತು, ಇನ್ನೊಂದು ಸುತ್ತು ಅಂತ ಒತ್ತಿದ. ಟಿಕ್ ಅಂತ ಒಂದು ಸಣ್ಣ ಸದ್ದು. ಲೇತು ನಿಲ್ಲಿಸಿ ನೋಡಿದರೆ ನಡುವಿನಿಂದ ಹೊರಟ ಸೀಳು ನಿಬ್ಬಿನ ಕಡೆಯ ಅಂಚಿಗೆ ಮುಟ್ಟಿತ್ತು.

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತ. ಆಮೇಲೆ ಬೇರೆ ದಾರಿ ಕಾಣದೆ ನಿಬ್ಬು ಕೂರಿಸಿ, ಶಾಯಿ ತುಂಬಿ, ಅಕ್ಕನ ಹತ್ತಿರ ಒಯ್ದ.

"ಸೀಳಿಸಿಬಿಟ್ಟೆ ಕಣೆ," ಅಂದ. "ನನ್ನ ಕೈಲಿ ಯಾವತ್ತೂ ಸೀಳಿರಲಿಲ್ಲ. ನಿನ್ನದೇ ಸೀಳಬೇಕಾ?"

ಅಕ್ಕ ಪೆನ್ನನ್ನು ಇಸಿದುಕೊಂಡು ಹೆಬ್ಬೆರಳನ್ನು ಸೀಳಿನ ಉದ್ದಕ್ಕೂ ಆಡಿಸಿದಳು. ಅವಳ ಮುಖದಲ್ಲಿ ನಗು ಬಂತು. ಹೊಸಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿಗೆ "ನನ್ನ ಡಬ್ಬ ತಗೊಂಡು ಬಾರಮ್ಮ," ಅಂದಳು.

ಯಾವ ಡಬ್ಬ, ಎಲ್ಲಿದೆ ಎಂದು ಹೆಂಡತಿ ಕೇಳಲಿಲ್ಲ. ನೆಟ್ಟಗೆ ಹೋಗಿ ಪಾಲಿಶ್ ಮೇಜಿನ ಕೆಳಗಿಂದ ಒಂದು ತಗಡಿನ ಡಬ್ಬ ತಂದಳು. ಒಳಗೆ ಚಿಕ್ಕ ಚಿಕ್ಕ ಕಾಗದದ ಪೊಟ್ಟಣ, ಒಂದೊಂದರಲ್ಲೂ ಒಂದೊಂದು ಮರದ ನುಣ್ಣನೆಯ ಪುಡಿ. ಒಂದು ಸೂಜಿ, ತೆಳು ಅಂಟಿನ ಬಾಟಲಿ. ಹಾವುಮರದ ಪೊಟ್ಟಣವೇ ಎಲ್ಲಕ್ಕಿಂತ ದೊಡ್ಡದು. ಪೆನ್ನಿನವನು ಅದನ್ನೇ ನೋಡುತ್ತಾ ನಿಂತ. ತಿಳಿಯಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಎಷ್ಟು ಪೆನ್ನಿನ ಸೀಳು ಹೀಗೆ ಮುಚ್ಚಿದೀಯ?"

"ಲೆಕ್ಕ ಯಾರು ಇಟ್ಟಿದಾರೆ? ಹಾವುಮರದ್ದು ಹೆಚ್ಚುಕಡಿಮೆ ಎಲ್ಲಾನೂ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಆ ಮರ ಮುಟ್ಟೋದೇ ಬಿಡ್ತಿದ್ದೆ. ಆಮೇಲೆ ಮನೇಲಿ ನಿನ್ನ ಜೋಲು ಮುಖ ನೋಡೋದು ಯಾರು?" ನಗಲು ಹೋಗಿ ಅಕ್ಕನಿಗೆ ಕೆಮ್ಮು ಹತ್ತಿತು. ಹೆಂಡತಿ ಬೆನ್ನು ನೀವಿದಳು.

ಎಲ್ಲರ ಮುಂದೆ ಕೊಚ್ಚಿಕೊಂಡ ಮಾತುಗಳೆಲ್ಲ ಒಟ್ಟಿಗೆ ನೆನಪಾಗಿ ಅವನಿಗೆ ನಾಚಿಕೆಯಾಯಿತು. ಆ ಪುಡಿಯಲ್ಲೇ ಕೂತು, ಆ ಪುಡಿಯನ್ನೇ ಕುಡಿದು, ಅವಳು ತನ್ನ ಮಾನ ಕಾಪಾಡಿದ್ದಳು. ಅವನು ಪೆನ್ನಿಗೆ ಕೈಚಾಚಿದ. "ಕೊಡು ಇಲ್ಲಿ. ಈಗಲೇ ತುಂಬಿಸ್ತೀನಿ, ಬೆಳಿಗ್ಗೆ ನೀನು ಬರೀಬಹುದು."

ಅಕ್ಕ ಪೆನ್ನು ಬಿಡಲಿಲ್ಲ. "ಬೆಳಗಿನ ತನಕ ಯಾರು ಕಾಯ್ತಾರೆ? ಸೀಳಿದ್ರೆ ಬರೆಯಲ್ವಾ ಪೆನ್ನು? ಕಾಗದ ಕೊಡೋ."

ಅವನು ಕೊಟ್ಟ. ಬೆನ್ನಿಗೆ ದಿಂಬು ಒತ್ತಿ ಕೂರಿಸಿದ. ಅಕ್ಕ ತನ್ನ ಹೆಸರು ಬರೆಯುತ್ತಾಳೆ ಎಂದುಕೊಂಡ, ಇಲ್ಲವೇ ದೇವರ ಹೆಸರು. ಅವಳು ಉಸಿರು ಎಳೆದುಕೊಳ್ಳುತ್ತಾ, ದುಂಡಗೆ, ನಿಧಾನಕ್ಕೆ ಬರೆದಳು. ಅವನು ಬಗ್ಗಿ ಓದಿದ.

ಮೊದಲು ಪುಡಿ. ಸೂಜಿಯಿಂದ ಒಳಗೆ ತಳ್ಳು. ಅಂಟು ಆಮೇಲೆ, ಒಂದೇ ಹನಿ.

ಉಜ್ಜುವಾಗ ಒತ್ತಬೇಡ. ಕಾಗದದ ಕೆಲಸ ಕಾಗದಕ್ಕೆ ಬಿಡು.

ಸೀಳು ಅಂಚಿನವರೆಗೂ ಬಂದಿದ್ದರೆ

ಅಷ್ಟಕ್ಕೆ ಕೈ ಸೋತಿತು. ಹಣೆಯಲ್ಲಿ ಬೆವರು ಬಂದಿತ್ತು. "ಚೆನ್ನಾಗಿ ಬರೆಯುತ್ತೆ ಕಣೋ," ಅಂದಳು. "ಉಳಿದಿದ್ದು ನಾಳೆ ಬರೀತೀನಿ."

ಬಾಯಲ್ಲೇ ಹೇಳು ಎಂಬ ಮಾತು ಅವನ ನಾಲಿಗೆ ತುದಿಗೆ ಬಂತು. ಅವಳ ಆಯಾಸ ನೋಡಿ ತಡೆದುಕೊಂಡ. "ಅವಸರ ಏನಿಲ್ಲ, ಮಲಕ್ಕೋ," ಅಂದ.

ಬೆಳಿಗ್ಗೆ ಹಾಲು ಒಯ್ದ ಹೆಂಡತಿ ಲೋಟವನ್ನು ಕೆಳಗಿಟ್ಟು ಅವನನ್ನು ಕೂಗಿದಳು. ಅಕ್ಕನ ಮೈ ಆಗಲೇ ತಣ್ಣಗಾಗಿತ್ತು.

ಈಗ ಅವನೇ ಕಡೆಯುತ್ತಾನೆ, ಅವನೇ ಉಜ್ಜುತ್ತಾನೆ. ಕಾಗದ ಒತ್ತುವುದಿಲ್ಲ. ನಡುವೆ ಬಿದ್ದ ಸೀಳುಗಳು ಪುಡಿ ಮತ್ತು ಒಂದು ಹನಿಗೆ ಮುಚ್ಚಿಕೊಳ್ಳುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅಂಚಿಗೆ ಬಂದವು ಮಾತ್ರ ಅವನ ಮಾತು ಕೇಳುವುದಿಲ್ಲ. ಪುಡಿ ತುಂಬಿದರೆ ಉದುರಿಹೋಗುತ್ತದೆ, ಅಂಟು ಮೊದಲು ಹಾಕಿದರೆ ಕಪ್ಪು ಗೆರೆ ನಿಲ್ಲುತ್ತದೆ. ಅವನು ಮಾಡದ ಪ್ರಯತ್ನವಿಲ್ಲ. ಅಕ್ಕನ ಪೆನ್ನು ಹಾಗೆಯೇ ಬಾಯಿಬಿಟ್ಟುಕೊಂಡು ಡಬ್ಬದಲ್ಲಿದೆ. ಯಾರಾದರೂ ಗಿರಾಕಿ ಸೀಳಿದ ಪೆನ್ನು ಹಿಡಿದು ವಾಪಸ್ ಬಂದರೆ ಅವನು ವಾದಕ್ಕೆ ನಿಲ್ಲುವುದಿಲ್ಲ, ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾನೆ.

"ಇದು ಅಂಚಿನ ಸೀಳು," ಅನ್ನುತ್ತಾನೆ. "ಇದನ್ನ ಮುಚ್ಚೋದು ನಮ್ಮ ಅಕ್ಕನಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ."