ಬಸಲಿಂಗಮ್ಮನ ಖೋಲಿಯ ಕೂಲರ್

೧೯೮೩ರಲ್ಲಿ ಮಾರ್ಚ್ ಮುಗಿಯುವ ಮೊದಲೇ ರಾಯಚೂರಿನ ಗೋಡೆಗಳು ಮುಟ್ಟಲಾರದಷ್ಟು ಕಾದಿದ್ದವು. ಕೂಲರ್ ರಿಪೇರಿ ಮಾಡುವ ಮೌನಪ್ಪನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ತಗಡಿನ ಅಂಗಡಿ. ಅದರ ಮುಂದೆ ಅವನ ಹೆಂಡತಿ ಗೋಪಮ್ಮ ಕೂತು ಕೂಲರುಗಳ ಹಳೇ ಹುಲ್ಲು ಕಿತ್ತುಹಾಕಿ, ಉಪ್ಪುಗಟ್ಟಿದ ಜಾಳಿಗೆ ಉಜ್ಜಿ, ಹೊಸ ಹುಲ್ಲು ತುಂಬಿ ಹೊಲಿಯುತ್ತಿದ್ದಳು. ಹುಲ್ಲಿನ ಸಿಬಿರು ಚುಚ್ಚಿ ಅವಳ ಬೆರಳ ತುದಿಗಳು ಬೇಸಿಗೆಯುದ್ದಕ್ಕೂ ಊದಿಕೊಂಡೇ ಇರುತ್ತಿದ್ದವು.

ಏಪ್ರಿಲ್ ಎರಡನೇ ವಾರ ಹತ್ತಿ ವ್ಯಾಪಾರಿ ಶಂಭುಲಿಂಗಪ್ಪನ ಮನೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಹೋದರು. ಪಡಸಾಲೆಯ ಕಿಟಕಿಗೆ ಕೂಡಿಸಿದ್ದ ಕೂಲರಿನ ತಳ ತುಕ್ಕು ಹಿಡಿದಿತ್ತು. ಮೌನಪ್ಪ ತುಕ್ಕು ಕೆರೆದು ಡಾಂಬರು ಬಳಿದ. ನೀರೆತ್ತುವ ಪಂಪು, ಅದರ ವೈರು ಎಲ್ಲವನ್ನೂ ಹೊಸದಾಗಿ ಹಾಕಿದ. ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ತಗಡು ಹುಗಿದು, ಅದರಿಂದ ಮೂರು ತೂತಿನ ಬೋರ್ಡಿಗೆ ಅರ್ತ್ ತಂತಿ ಎಳೆದ. ಕೂಲರಿನ ತಗಡಿನ ಮೈಗೆ ಕರೆಂಟು ಇಳಿದರೂ ಅದು ಮಣ್ಣಿಗೆ ಹೋಗಲಿ, ಮನುಷ್ಯರಿಗೆ ತಾಗದಿರಲಿ ಎಂದು.

ಕೆಲಸ ಮುಗಿಯುವ ಹೊತ್ತಿಗೆ ಒಳಗಿನ ಖೋಲಿಯಿಂದ ಶಂಭುಲಿಂಗಪ್ಪನ ತಾಯಿ ಬಸಲಿಂಗಮ್ಮ ಕೂಗಿದಳು. "ಪಡಸಾಲ್ಯಾಗ ಯಾರಿಗ್ಯೋ ಅದು? ಬೆಂದು ಸಾಯಾಕತ್ತೀನಿ, ನನ್ನ ಖೋಲಿಗಿ ಇಡ್ರೋ!"

"ಆ ಖೋಲ್ಯಾಗ ಎರಡ ತೂತಿನ ಬೋರ್ಡ್ ಅದರಿ ಸಾವಕಾರ್ರ, ಅರ್ತ್ ಇಲ್ಲ," ಅಂದ ಮೌನಪ್ಪ. "ನಾಳಿ ಮುಂಜಾನಿ ಬಂದು ವೈರ್ ಎಳದು ಕೊಡತೀನಿ. ಅಲ್ಲೀತನಕ ಇದನ್ನ ಇಲ್ಲಿಂದ ಅಲುಗಾಡಸಬ್ಯಾಡ್ರಿ."

ಶಂಭುಲಿಂಗಪ್ಪ ಹೂಂ ಅಂದ. ಅವನ ಹೆಂಡತಿ ಶರಣಮ್ಮ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಈ ಮಾತನ್ನೆಲ್ಲ ಕೇಳಿಸಿಕೊಂಡಳು.

ಅಂದೇ ಮಧ್ಯಾಹ್ನ ನಾಲ್ಕಕ್ಕೆ ಮೌನಪ್ಪ ಅಂಗಡಿಯ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಫ್ಯಾನಿನ ರೆಕ್ಕೆ ನೇರ ಮಾಡುತ್ತಿದ್ದ. ಜೀಪೊಂದು ಧೂಳೆಬ್ಬಿಸಿ ನಿಂತಿತು. ಶಂಭುಲಿಂಗಪ್ಪ, ಅವನ ಹಿಂದೆ ಮೂವರು ಆಳುಗಳು ಇಳಿದರು. ಯಾಕೆ ಬಂದಿರೆಂದು ಕೇಳಲು ಮೌನಪ್ಪ ತಲೆ ಎತ್ತಿದ. ಬೂಟುಗಾಲು ಅವನ ಎದೆಗೆ ಬಿತ್ತು.

"ನಮ್ಮವ್ವನ ಕೊಂದೆಲ್ಲೋ, ಹಲ್ಕಟ್! ಕರೆಂಟ್ ಹೊಡದು ಸತ್ತಾಳ ನಮ್ಮವ್ವ!"

ಮೌನಪ್ಪ ಬೆನ್ನಡಿಯಾಗಿ ಬಿದ್ದ. ಏಳುವ ಮೊದಲೇ ಒಬ್ಬ ಕೂದಲು ಹಿಡಿದು ಓಣಿಯ ನಡುವಿಗೆ ಎಳೆದ. ಇನ್ನೊಬ್ಬ ಅಂಗಡಿಯಲ್ಲೇ ಇದ್ದ ಕಬ್ಬಿಣದ ಪಟ್ಟಿ ಎತ್ತಿ ಬೆನ್ನಿಗೆ ಬಾರಿಸಿದ. ಅಂಗಿ ಹರಿಯಿತು, ಅದರ ಜೊತೆ ಚರ್ಮವೂ.

"ನಾನು ಅರ್ತ್ ಹಾಕೀನ್ರಿ... ಯಪ್ಪಾ, ಅಲುಗಾಡಸಬ್ಯಾಡ್ರಿ ಅಂದಿದ್ದೆ..." ಮೌನಪ್ಪನ ಬಾಯಿಂದ ಮಾತಿನ ಜೊತೆ ರಕ್ತ ಬಂತು. ಕೇಳುವವರಿರಲಿಲ್ಲ.

ಗೋಪಮ್ಮ ಓಡಿಬಂದು ಶಂಭುಲಿಂಗಪ್ಪನ ಕಾಲು ಕಟ್ಟಿಕೊಂಡಳು. ಅವನು ಝಾಡಿಸಿ ಹೊಟ್ಟೆಗೆ ಒದ್ದ. ಎದುರಿಗೆ ಬೀಡಿ ಬೆಂಕಿಪೊಟ್ಟಣ ಮಾರುವ ಡಬ್ಬಿ ಅಂಗಡಿಯ ಸತ್ತಾರ್ ಸಾಬ್, ಅರವತ್ತು ದಾಟಿದ ಮುದುಕ, ಎರಡೂ ಕೈ ಚಾಚಿ ನಡುವೆ ನುಗ್ಗಿದ. "ಅರೇ, ಸಾಯತಾನ್ರೋ ಅಂವ! ಪೊಲೀಸರಿಗಿ ಕೊಡ್ರಿ, ಹೊಡೀಬ್ಯಾಡ್ರಿ!" ಅವನನ್ನು ನೂಕಿದರು. ಹಣೆ ಹೊಸ್ತಿಲ ಕಲ್ಲಿಗೆ ಬಡಿದು ಬಿಳಿ ಗಡ್ಡ ಕೆಂಪಾಯಿತು. ಓಣಿಯ ತುಂಬ ಜನ ನಿಂತಿದ್ದರು. ಒಬ್ಬರೂ ಕೈ ಎತ್ತಲಿಲ್ಲ.

"ಯಾವ ಕೈಲೆ ವೈರ್ ಜೋಡಿಸಿದ್ಯೋ?" ಶಂಭುಲಿಂಗಪ್ಪ ಕೇಳಿದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ತೋರಸು ಆ ಕೈ!"

ಇಬ್ಬರು ಮೌನಪ್ಪನ ಬಲಗೈಯನ್ನು ಎಳೆದು ತಗಡು ಬಡಿಯುವ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದರು. ಶಂಭುಲಿಂಗಪ್ಪ ಪಟ್ಟಿಯನ್ನು ಆಳಿನ ಕೈಯಿಂದ ಕಸಿದುಕೊಂಡ. ಮೊದಲ ಏಟಿಗೆ ಮೌನಪ್ಪ ಕಿರುಚಿದ. ಎರಡನೆಯದಕ್ಕೆ ಎಲುಬು ಮುರಿದ ಸದ್ದು ಓಣಿಯ ಆ ತುದಿಗೂ ಕೇಳಿಸಿತು. ಮೂರನೆಯದಕ್ಕೆ ಅವನಿಗೆ ಎಚ್ಚರವೇ ಇರಲಿಲ್ಲ.

ನಾಲ್ಕನೆಯದಕ್ಕೆ ಪಟ್ಟಿ ಮೇಲೆದ್ದಾಗ ಗೋಪಮ್ಮನ ಕೈಗೆ ತಗಡು ಕತ್ತರಿಸುವ ಕತ್ತರಿ ಸಿಕ್ಕಿತ್ತು. ಅದನ್ನು ಎತ್ತಿಕೊಂಡದ್ದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಓಡಿಬಂದು ಶಂಭುಲಿಂಗಪ್ಪನ ತೊಡೆಗೆ ಹಿಡಿಕೆಯವರೆಗೂ ತಿವಿದಳು. ಅವನು ಹೋರಿಯಂತೆ ಅರಚಿ ಕುಸಿದ. ಅವಳು ಕತ್ತರಿ ಕಿತ್ತು ಮತ್ತೆ ಎತ್ತಿದಳು.

"ಬರ್ರಲೇ! ಯಾರು ಬರತೀರಿ ಬರ್ರಿ! ಒಬ್ಬರನ್ನರ ತಗೊಂಡ ಹೋಗತೀನಿ!"

ಆಳುಗಳು ಒಂದು ಕ್ಷಣ ಹಿಂದೆ ಸರಿದರು. ಆಮೇಲೆ ಒಬ್ಬ ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ಶರಣಮ್ಮ ಬಂದಳು. ಬರಿಗಾಲು, ಬಿಚ್ಚಿದ ಕೂದಲು, ಕಾದ ರಸ್ತೆಯಲ್ಲಿ ಮನೆಯಿಂದ ಓಡಿಯೇ ಬಂದಿದ್ದಳು.

"ಬಿಡ್ರಿ ಅವನ್ನ! ಅವಂದೇನೂ ತಪ್ಪಿಲ್ಲ!" ಉಸಿರು ಸಾಲದೆ ನಿಂತು ಮತ್ತೆ ಕೂಗಿದಳು. "ಅಂವ ಬ್ಯಾಡ ಅಂದು ಹೋಗಿದ್ದ. ಇವರೇ ಕೂಲರ್ ಎಳಕೊಂಡು ಅತ್ತಿ ಖೋಲಿಗಿ ಒಯ್ದಾರ. ಎಳಿಯೋವಾಗ ವೈರ್ ತಗಡಿನ ಬುಡಕ ಸಿಕ್ಕು, ಮ್ಯಾಲಿನ ರಬ್ಬರ್ ಹರದು ತಾಮ್ರ ತಗಡಿಗಿ ತಾಗಿತ್ತು. ಮೂರು ಕಾಲಿನ ಪಿನ್ನು ಕೊಯ್ದು ಒಗದು, ಬರೇ ವೈರ್ ತೂತಿನಾಗ ತುರುಕಿ ಕಡ್ಡಿ ಸಿಗಿಸಿದರು. ಅತ್ತಿ ಹಸಿ ಕೈಲೆ ಮುಟ್ಟಿದಳು. ನಾನು ಕಣ್ಣಾರೆ ನೋಡೀನಿ!"

"ಬಾಯಿ ಮುಚ್ಚಲೇ!" ನೆಲದಲ್ಲಿ ಕೂತಿದ್ದ ಶಂಭುಲಿಂಗಪ್ಪ ಅವಳ ಸೀರೆ ಹಿಡಿದು ಎಳೆದು, ಬಿದ್ದವಳ ಮುಖಕ್ಕೆ ಗುದ್ದಿದ. ತುಟಿ ಒಡೆಯಿತು. ಅವಳು ಒಡೆದ ತುಟಿಯಲ್ಲೇ ಅದೇ ಮಾತನ್ನು ಮೊದಲಿಂದ ಹೇಳಿದಳು. ಅವನು ಮತ್ತೆ ಗುದ್ದಿದ. ಅವಳು ಮತ್ತೆ ಹೇಳಿದಳು. ಕಲ್ಲು ಹಿಡಿದಿದ್ದ ಆಳು ಅದನ್ನು ಕೆಳಗೆ ಹಾಕಿದ. ಆಗ ಮಾತ್ರ ನಿಂತ ಜನ ಮುಂದೆ ಬಂದು ಶಂಭುಲಿಂಗಪ್ಪನ ಕೈ ಹಿಡಿದರು.

ಹಣೆಗೆ ಟವೆಲ್ಲು ಸುತ್ತಿಕೊಂಡ ಸತ್ತಾರ್ ಸಾಬ್ ಮೌನಪ್ಪನನ್ನು ಟಾಂಗಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಎರಡು ಬೆರಳು ತೆಗೆಯಬೇಕಾಯಿತು, ಉಳಿದವು ಮಡಚಲಾರದೆ ಬಿರುಸಾದವು. ಕತ್ತರಿ ತಿವಿದದ್ದಕ್ಕೆ ಪೊಲೀಸರು ಗೋಪಮ್ಮನನ್ನೂ ಹಿಡಿದು ಆರು ದಿನ ಜೈಲಿನಲ್ಲಿ ಇಟ್ಟರು. ಜಾಮೀನಿಗೆ ನಿಂತವನೂ ಆ ಮುದುಕನೇ.

ಅವಳು ಹೊರಬಂದ ಮರುದಿನ ಶರಣಮ್ಮ ಆಸ್ಪತ್ರೆಗೆ ಬಂದಳು. ಮುಖ ಇನ್ನೂ ನೀಲಿಗಟ್ಟಿತ್ತು. ತವರೂರು ದೇವದುರ್ಗಕ್ಕೆ ಹೊರಟು ನಿಂತವಳು, ಕೈಯಲ್ಲಿ ಒಂದು ಚೀಲ. ಮಂಚದ ಹತ್ತಿರ ಬಂದು ಚೀಲ ಕೆಳಗಿಟ್ಟಳು.

"ಜೀಪ್ ಹೊಂಟಾಗನ ನನಗ ಗೊತ್ತಿತ್ತು, ಎಲ್ಲಿಗಿ ಹೊಂಟಾರ ಅಂತ," ಅಂದಳು. "ಹೆಣದ ಮುಂದ ಕುಂತಿದ್ದೆ. ಅಂಜಿಕಿ ಬಂದಿತ್ತು. ಏಳಾಕ ತಡಾ ಆತು."

"ಆ ತಡದಾಗ ನನ್ನ ಗಂಡನ ಕೈ ಹೋತು," ಅಂದಳು ಗೋಪಮ್ಮ.

"ಬಂದಾಳಲ್ಲ, ಬಿಡು," ಮೌನಪ್ಪ ಮಲಗಿದಲ್ಲೇ ಹೇಳಿದ.

"ನೀ ಬಿಡು. ನಾ ಬಿಡಂಗಿಲ್ಲ."

ಶರಣಮ್ಮ ಚೀಲ ಎತ್ತಿಕೊಂಡು ತಲೆ ತಗ್ಗಿಸಿ ಹೋದಳು.

ಗಂಡ ಹೆಂಡತಿ ರಾಯಚೂರು ಬಿಟ್ಟು ಮಾನ್ವಿಗೆ ಬಂದರು. ಮೌನಪ್ಪ ಕೂತು ಹೇಳುತ್ತಿದ್ದ, ಗೋಪಮ್ಮ ವೈರು ಜೋಡಿಸುತ್ತಿದ್ದಳು. ಮೊದಲ ಬೇಸಿಗೆಯಲ್ಲಿ ಗಿರಾಕಿಗಳು ನಕ್ಕರು, ಎರಡನೆಯದರಲ್ಲಿ ನಗಲಿಲ್ಲ.

ಶಂಭುಲಿಂಗಪ್ಪ ಮತ್ತು ಅವನ ಆಳುಗಳ ಮೇಲಿನ ಕೇಸಿನ ಸಾಕ್ಷಿ ರಾಯಚೂರಿನ ಕೋರ್ಟಿನಲ್ಲಿ ನಡೆದದ್ದು ೧೯೮೫ರಲ್ಲಿ. ಶರಣಮ್ಮ ಕಟಕಟೆ ಹತ್ತಿ, ಗಂಡನ ಮುಖ ನೋಡಿಕೊಂಡೇ ಎಲ್ಲವನ್ನೂ ಹೇಳಿದಳು. ಎದುರು ವಕೀಲ ಒಂದು ತಾಸು ಕಾಡಿದರೂ ಒಂದು ಅಕ್ಷರ ಬದಲಿಸಲಿಲ್ಲ.

ಸಂಜೆ ಗೋಪಮ್ಮ ಬಸ್ ನಿಲ್ದಾಣಕ್ಕೆ ಬಂದಾಗ ಶರಣಮ್ಮ ಕಂಬದ ಬಳಿ ಒಬ್ಬಳೇ ನಿಂತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಆ ಮೂವರು ಆಳುಗಳು ಬೀಡಿ ಸೇದುತ್ತಾ ಅವಳನ್ನೇ ನೋಡುತ್ತಿದ್ದರು. ಒಬ್ಬ ಅವಳಿಗೆ ಕೇಳುವಂತೆ ಏನೋ ಅಂದ, ಉಳಿದಿಬ್ಬರು ನಕ್ಕರು. ಮಾನ್ವಿಯ ಬಸ್ಸು ಬಂತು. ಗೋಪಮ್ಮ ಹತ್ತಲಿಲ್ಲ. ಹೋಗಿ ಶರಣಮ್ಮನ ಪಕ್ಕದಲ್ಲಿ, ಆ ಗಂಡಸರಿಗೆ ಎದುರಾಗಿ ನಿಂತಳು. ಅವಳನ್ನು ಕಂಡು ಅವರ ನಗೆ ನಿಂತಿತು. ದೇವದುರ್ಗದ ಬಸ್ಸು ಬರಲು ಮುಕ್ಕಾಲು ತಾಸು ಹಿಡಿಯಿತು. ಅಲ್ಲಿಯವರೆಗೂ ಗೋಪಮ್ಮ ಅಲುಗಾಡಲಿಲ್ಲ.