ಜೊತೆಗಿರುವವರ ಹೆಸರು

ಸರ್ಕಾರ ಈ ಸಲ ಕೈ ಬಿಗಿ ಹಿಡಿದಿರಲಿಲ್ಲ. ಅಫೀಮಿನ ಅಂಶವಿರುವ ನೋವಿನ ಮಾತ್ರೆಗೆ ಅಂಟಿಕೊಂಡವರಿಗೆಂದೇ ಬನಶಂಕರಿಯ ವ್ಯಸನಮುಕ್ತಿ ಕೇಂದ್ರಕ್ಕೆ ಹತ್ತು ಹಾಸಿಗೆ ಮಂಜೂರು ಮಾಡಿ, ಔಷಧಿ, ಡಾಕ್ಟರು ಎಲ್ಲದರ ಖರ್ಚನ್ನೂ ತಾನೇ ಹೊತ್ತಿತ್ತು. ಮೂರು ತಿಂಗಳು ಕಾದ ಮೇಲೆ ಸತ್ಯಭಾಮಾ ಅವರ ಸರದಿ ಬಂತು. ಇನ್ನು ಬೇಕಾಗಿದ್ದದ್ದು ಒಂದೇ: ಹತ್ತು ದಿನ ಜೊತೆಗಿರಲು ಮನೆಯವರೊಬ್ಬರು. ಅದಕ್ಕೆ ಮಾತ್ರ ಯಾವ ಸರ್ಕಾರವೂ ಅನುದಾನ ಕೊಡುವುದಿಲ್ಲ.

"ಇವತ್ತು ಸಂಜೆ ನಾಲ್ಕು ಗಂಟೆ ಒಳಗೆ ಯಾರಾದ್ರೂ ಬರ್ಲೇಬೇಕು ಮೇಡಂ. ಇಲ್ಲಾಂದ್ರೆ ಬೆಡ್ಡು ಮುಂದಿನವರಿಗೆ ಹೋಗುತ್ತೆ," ಎಂದು ನರ್ಸ್ ಜಯದೇವಿ ಫಾರಂ ಕೊಟ್ಟರು.

ಸತ್ಯಭಾಮಾ ಅವರಿಗೆ ಐವತ್ತೆಂಟು. ಮದುವೆಯಾಗಿಲ್ಲ. ಜಯನಗರದಲ್ಲಿ ತಮ್ಮ ಸೇತುರಾಮನ ಮನೆಯ ಮಹಡಿಯ ಕೋಣೆಯಲ್ಲಿ ವಾಸ. ಮದುವೆಯಾಗದ ಹೆಣ್ಣೆಂದರೆ ಸದಾ ಬಿಡುವಾಗಿರುವವಳು ಎಂದು ನಮ್ಮ ಮನೆಗಳಲ್ಲಿ ಅದು ಯಾರು ತೀರ್ಮಾನಿಸಿದರೋ! ಸೇತುರಾಮನ ಬೈಪಾಸು, ಅವನ ಹೆಂಡತಿಯ ಎರಡು ಹೆರಿಗೆ, ತಾಯಿಯ ಕೊನೆಯ ಎರಡು ತಿಂಗಳು, ಎಲ್ಲಕ್ಕೂ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಇವರೇ. ತಾಯಿಯನ್ನು ಎತ್ತಿ ಕೂರಿಸುವಾಗಲೇ ಬೆನ್ನು ಕೈಕೊಟ್ಟಿದ್ದು. ಆಪರೇಷನ್ ಆಯಿತು, ಮಾತ್ರೆ ಬರೆದುಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ದಿನಕ್ಕೆ ಎರಡಿದ್ದದ್ದು ಹನ್ನೆರಡಾಯಿತು. ಇವತ್ತು ಹಾಸಿಗೆ ತಪ್ಪಿದರೆ ಸಂಜೆಗೆ ತಾವು ಮತ್ತೆ ಮೆಡಿಕಲ್ ಶಾಪಿನ ಮುಂದೆ ನಿಂತಿರುತ್ತೇವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಸೇತುರಾಮನಿಗೆ ಫೋನ್ ಮಾಡಿದರು.

"ಇವತ್ತೇ ಅಂದ್ರೆ ಹೇಗಕ್ಕ? ನಮ್ಮ ಚಿಕ್ಕೋನು ಆಶ್ರಿತ್‌ಗೆ ಎಕ್ಸಾಮ್ ನಡೀತಿದೆ. ಅದೂ ಅಲ್ದೆ ಆ ವಾರ್ಡಲ್ಲಿ ಗೊತ್ತಿರೋರು ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಸದ್ಯಕ್ಕೆ ಮನೆಗೆ ಬಂದ್ಬಿಡು. ಆಮೇಲೆ ನೋಡೋಣ."

"ಸರಿ," ಎಂದರು. ಗೋಗರೆದು ಅಭ್ಯಾಸವಿರಲಿಲ್ಲ.

ತಂಗಿ ಕಮಲಾದೇವಿ ಇದ್ದದ್ದು ವಸಂತಪುರದಲ್ಲಿ, ಆಟೋ ಹಿಡಿದರೆ ಅರ್ಧ ಗಂಟೆ. ಅವಳು ಅಯ್ಯೋ ಪಾಪ ಎಂದು ನಾಲ್ಕು ಸಲ ಹೇಳಿದಳು. ಆಮೇಲೆ, "ಆಸ್ಪತ್ರೆ ವಾಸ್ನೆ ನನಗಾಗಲ್ಲ ಅಕ್ಕ, ನಿನಗೇ ಗೊತ್ತಲ್ಲ. ನಿನಗಾದ್ರೆ ಅಭ್ಯಾಸ ಇದೆ," ಎಂದಳು.

ಸತ್ಯಭಾಮಾ ಫೋನನ್ನು ಚೀಲಕ್ಕೆ ಹಾಕಿದರು. ಅಳು ಬರಲಿಲ್ಲ. ಇಷ್ಟು ವರ್ಷದಲ್ಲಿ ತನ್ನವರು ಅಂತ ಒಬ್ಬರನ್ನೂ ಸಂಪಾದಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಮಗನಿಗೆ ಕಿತ್ತಳೆ ಬಿಡಿಸಿಕೊಡುತ್ತಾ ಬೈಯುತ್ತಿದ್ದಳು. ಬೈಯುವುದಕ್ಕಾದರೂ ಒಬ್ಬರು ಇರಬೇಕಿತ್ತು ಅನಿಸಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಫಾರಂ ತುಂಬಿ ಕೌಂಟರಿಗೆ ಕೊಟ್ಟರು. ಜಯದೇವಿ ಓದುತ್ತಾ ಹೋಗಿ ಫಾರಂನ ಕೆಳಗಿನ ಸಾಲಿಗೆ ಬಂದಾಗ ನಿಲ್ಲಿಸಿದರು.

"ಮೇಡಂ, ಇಲ್ಲೂ ನಿಮ್ಮ ಹೆಸರೇ ಬರ್ದಿದೀರಿ. ಇದು ಜೊತೆಗೆ ಇರೋರ ಕಾಲಂ."

"ಗೊತ್ತು ಸಿಸ್ಟರ್. ನಮ್ಮನೇಲಿ ಯಾರು ಆಸ್ಪತ್ರೆಗೆ ಸೇರಿದ್ರೂ ಜೊತೆಗೆ ನಾನೇ ಇರೋದು."

ಜಯದೇವಿ ಗಡಿಯಾರ ನೋಡಿದರು, ಮತ್ತೆ ಫಾರಂ ನೋಡಿದರು. ಮುಂದಿನವರ ಹೆಸರು ಕರೆಯಲಿಲ್ಲ. ಸೀಲು ಒತ್ತಿ, "ಆರನೇ ಬೆಡ್ಡು, ಬನ್ನಿ," ಎಂದು ಎದ್ದರು.