ಹಗುರದ್ದು ತಗೋ

ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಕಂಪ್ಯೂಟರ್ ಅಂಗಡಿಗೆ ಚಿತ್ರಾ ಬರುವಷ್ಟರಲ್ಲಿ ಜಯದೇವಪ್ಪನವರು ಎರಡು ಲ್ಯಾಪ್‌ಟಾಪ್‌ಗಳನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದರು. ಅದು ೨೦೦೮ರ ಮಾತು. ಆಗ ಅರಸೀಕೆರೆಯಲ್ಲಿ ಲ್ಯಾಪ್‌ಟಾಪ್ ಬೇಕೆಂದರೆ ಮೊದಲೇ ಹೇಳಿಟ್ಟು ಹಾಸನದಿಂದ ತರಿಸಬೇಕಿತ್ತು. ಒಂದು ತೆಳ್ಳಗೆ, ಒಂದೇ ಕೈಯಲ್ಲಿ ಎತ್ತಿಕೊಳ್ಳುವಂತಿತ್ತು. ಇನ್ನೊಂದು ಅಗಲವಾಗಿ, ದಪ್ಪವಾಗಿ ಕೂತಿತ್ತು. ಅದರ ಚಾರ್ಜರೇ ಒಂದು ಇಟ್ಟಿಗೆಯಷ್ಟಿತ್ತು.

"ಮೇಡಂ, ಕಾಲೇಜಿಗೆ ತಗೊಂಡ್ ಹೋಗಿ ನೋಟ್ಸ್ ಟೈಪ್ ಮಾಡೋದಾದ್ರೆ ಚಿಕ್ಕದೇ ಚೆನ್ನ," ಎಂದರು ಜಯದೇವಪ್ಪ. "ವಿಡಿಯೋ ಕೆಲಸ ಇದ್ರೆ ಮಾತ್ರ ದೊಡ್ಡದು. ಈ ಚಿಕ್ಕದಕ್ಕೆ ವಿಡಿಯೋ ಎಡಿಟಿಂಗ್ ಹಚ್ಚಿದ್ರೆ ಅಲ್ಲೇ ನಿಂತ್ಬಿಡುತ್ತೆ."

"ವಿಡಿಯೋ ಕೆಲಸಾನೇ ಸರ್. ಬಸವಕುಮಾರ್ ಬರ್ಲಿ, ನೋಡ್ಬಿಟ್ಟು ತಗೊಂಡ್ ಹೋಗ್ತೀವಿ."

"ಮೊದ್ಲು ದೊಡ್ಡದನ್ನ ತರ್ಸಿ ಅಂದೋರೂ ಅವ್ರೇ. ಮೊನ್ನೆ ಫೋನ್ ಮಾಡಿ, ಚಿಕ್ಕದೊಂದನ್ನೂ ತರ್ಸಿ ಅಂದ್ರು. ಯಾಕೋ ಗೊತ್ತಾಗ್ಲಿಲ್ಲ."

ಚಿತ್ರಾಗೂ ಗೊತ್ತಾಗಲಿಲ್ಲ.

ದೊಡ್ಡದೇ ಬೇಕೆಂದು ಅವರಿಬ್ಬರೂ ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು. ಚಿತ್ರಾ ರೈಲ್ವೆ ಕ್ವಾರ್ಟರ್ಸ್‌ನ ಭೀಮರಾಜ್ ಅವರ ಮಗಳು. ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಬಸವಕುಮಾರ್ ಕೊಬ್ಬರಿ ಮಂಡಿ ಏಕಾಂತಯ್ಯನವರ ಎರಡನೇ ಮಗ. ಮಂಡಿಯಲ್ಲಿ ಕೂರಲು ಒಲ್ಲದೆ ವಿಡಿಯೋ ಸ್ಟುಡಿಯೋ ಇಟ್ಟುಕೊಂಡಿದ್ದ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಕ್ಯಾಮೆರಾ ಹಿಡಿದು ಬಂದವನನ್ನು ಚಿತ್ರಾ, "ನಮ್ಮಜ್ಜಿ ನಾಟಿ ಹಾಡು ಹೇಳ್ತಾರೆ, ಒಂದ್ಸಲ ಬಂದು ಶೂಟ್ ಮಾಡ್ಕೊಡ್ತೀರಾ?" ಎಂದು ಕೇಳಿದ್ದಳು. ಅವನು ಅಜ್ಜಿ ದೇವೀರಮ್ಮನ ಊರಾದ ಹಗರೆಗೆ ಬಂದು ಅವಳ ಹಾಡನ್ನು ಹಿಡಿದ. ಊರು ಬಿಡುವಾಗ, "ಇಂಥ ಅಜ್ಜೀರು ಇನ್ನೂ ಎಷ್ಟು ಜನ ಇದಾರೆ?" ಎಂದ.

ಅಲ್ಲಿಂದ ಶುರುವಾದದ್ದು. ಭಾನುವಾರ ಬಂತೆಂದರೆ ಅವನ ಬೈಕಿನಲ್ಲಿ ಇಬ್ಬರೂ ಹೊರಡುತ್ತಿದ್ದರು. ಹುಲಿಕೆರೆಯಲ್ಲಿ ಒಬ್ಬಾಕೆ, ಹಳೇಬೀಡಿನ ಪೇಟೆಯ ಹಿಂದೆ ಒಬ್ಬಾಕೆ, ಅರೇಹಳ್ಳಿಯ ಕಡೆ ಕಾಫಿ ತೋಟದ ಕೂಲಿಯವರ ಲೈನು ಮನೆಗಳಲ್ಲಿ ಇಬ್ಬರು. ಚಿತ್ರಾ ಮಾತಾಡಿಸುವಳು, ಅವನು ಕ್ಯಾಮೆರಾ ಹಿಡಿಯುವನು. ಯಾವ ಭಾನುವಾರ ಅವರು ಹಾಡಿಗಾಗಿ ಹೋಗುವುದು ಬಿಟ್ಟು ಒಬ್ಬರಿಗಾಗಿ ಒಬ್ಬರು ಹೋಗತೊಡಗಿದರೋ ಇಬ್ಬರಿಗೂ ತಿಳಿಯದು. ಹಾಡುಗಳನ್ನೆಲ್ಲ ಸೇರಿಸಿ ಒಂದು ಸಿನಿಮಾ ಮಾಡುವುದು, ಆಮೇಲೆ ಎರಡೂ ಮನೆಗಳಲ್ಲಿ ಹೇಳಿ ರಿಜಿಸ್ಟರ್ ಮದುವೆ ಆಗುವುದು. ಹಾಗೆ ಮಾತಾಗಿತ್ತು. ಕ್ಯಾಮೆರಾ ಅವನದು, ಕಂಪ್ಯೂಟರ್ ಅವಳದು. ಅಷ್ಟು ಭಾರದ್ದನ್ನು ಊರೂರಿಗೆ ಹೊರುವುದು ಹೇಗೆ ಎಂದು ಅವಳು ಕೇಳಿದಾಗ, "ನಾನಿಲ್ವೇನೇ ಹೊರೋಕೆ?" ಎಂದು ಅವನೇ ನಕ್ಕಿದ್ದ.

ಬಸವಕುಮಾರ್ ತಡವಾಗಿ ಬಂದ. ಗಡ್ಡ ಬೋಳಿಸಿರಲಿಲ್ಲ. ದೊಡ್ಡ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದ, ಕೆಳಗಿಟ್ಟ. ಚಿಕ್ಕದನ್ನು ಎತ್ತಿ ಚಿತ್ರಾಳ ಕೈಗೆ ಕೊಟ್ಟ.

"ಹಗುರದ್ದು ತಗೋ," ಎಂದ.

"ತಮಾಷೆ ಮಾಡ್ಬೇಡ. ಇದ್ರಲ್ಲಿ ಎಡಿಟಿಂಗ್ ಓಡಲ್ಲ ಅಂತ ಇವ್ರೇ ಹೇಳ್ತಿದಾರೆ."

"ನಿಂಗೆ ಬೇಕಾಗಿರೋದು ನೋಟ್ಸ್, ಪಾಠ. ಅದಕ್ಕೆ ಸಾಕು. ಬಸ್ಸಲ್ಲಿ ಹತ್ತೋಕೆ ಇಳಿಯೋಕೆ ಸುಲಭ."

"ಬಸ್ ಯಾಕೆ? ಬೈಕ್ ಏನಾಯ್ತು?"

ಅವನು ಚಿಕ್ಕದರ ಚಾರ್ಜರಿನ ವೈರು ಸುತ್ತತೊಡಗಿದ. ಇದುವರೆಗೆ "ನಮಗೆ" ಎನ್ನುತ್ತಿದ್ದವನು "ನಿಂಗೆ" ಎಂದದ್ದು ಚಿತ್ರಾಳ ಕಿವಿಗೆ ಆಗ ತಟ್ಟಿತು. "ಸರ್, ಹತ್ತು ನಿಮಿಷ ಬಂದ್ವಿ," ಎಂದು ಜಯದೇವಪ್ಪನವರಿಗೆ ಹೇಳಿ ಅವನನ್ನು ಹೊರಗೆ ಕರೆದುಕೊಂಡು ಹೋದಳು.

ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತರು. ಕೆಳಗೆ ಶಿವಮೊಗ್ಗದ ಕಡೆಯ ರೈಲಿಗೆ ಜನ ನುಗ್ಗುತ್ತಿದ್ದರು.

"ಹೇಳು."

"ಮನೇಲಿ ಗೊತ್ತಾಯ್ತು. ಅಪ್ಪ ಮಾತು ಬಿಟ್ರು. ಅಮ್ಮ ಊಟ ಬಿಟ್ಟು ಮಲಗಿದ್ರು. ಸೋಮವಾರ ತಿಪಟೂರಿಂದ ಹುಡುಗಿ ಕಡೆಯವರು ಬಂದ್ರು. ಶಿಲ್ಪಾ ಅಂತ ಹೆಸರು. ಎಲ್ಲಾ ಮಾತಾಡ್ಬಿಟ್ರು."

"ನೀನು ಹೂಂ ಅಂದ್ಯಾ?"

ಅವನು ಕಂಬಿಯನ್ನು ಹಿಡಿದುಕೊಂಡ. "ಇಲ್ಲ ಅನ್ನಲಿಲ್ಲ."

ರೈಲು ಹೊರಟಿತು. ಅದು ಪೂರ್ತಿ ದಾಟಿ ಹೋಗುವವರೆಗೆ ಮಾತಾಡಲು ಆಗಲಿಲ್ಲ. ಆ ಸದ್ದು ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಚಿತ್ರಾಗೆ ಅನ್ನಿಸಿತು.

"ನಾವು ಯಾವ ಜನ ಅಂತ ನಿಮ್ಮಪ್ಪನಿಗೆ ಹೇಳ್ದೆ ತಾನೆ? ಅದಕ್ಕೇ ಅಲ್ವಾ?"

"ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡ ಕಣೇ."

ಅವನು ಪ್ಯಾಂಟಿನ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್ ತೆಗೆದ. "ಟೇಪೆಲ್ಲ ಇದಕ್ಕೆ ಹಾಕಿದೀನಿ. ಹತ್ತು ದಿನದಿಂದ ಇದೇ ಕೆಲಸ. ಒಂದೂ ಬಿಟ್ಟಿಲ್ಲ. ಎಲ್ಲಾ ನಿಂದೇ."

"ಅಂದ್ರೆ ಸೋಮವಾರಕ್ಕೂ ಮುಂಚೇನೇ ಶುರು ಮಾಡಿದ್ದೆ."

ಅವನು ಮೆಲ್ಲಗೆ, "ದೊಡ್ಡದನ್ನ ನೀನೊಬ್ಳೇ ಹೊತ್ಕೊಂಡು ಹೆಂಗೆ ಓಡಾಡ್ತೀಯ ಅಂತ... ಅದಕ್ಕೇ ಚಿಕ್ಕದೂ ತರ್ಸಿ ಅಂದೆ," ಎಂದ.

ಬೈಯಬೇಕೆಂದು ಬಾಯಿ ತೆರೆದವಳಿಗೆ ಬೈಯಲು ಆಗಲಿಲ್ಲ. ಅವನು ಅವಳ ಹೆಗಲಿನ ನೋವನ್ನು ಯೋಚಿಸಿದ್ದ. ಮನೆಯವರ ಮುಂದೆ ಒಂದು ಮಾತು ಆಡಲಾಗದವನು ಇಷ್ಟನ್ನು ಮಾತ್ರ ಕೂತು ಯೋಚಿಸಿದ್ದ. ಹಾರ್ಡ್ ಡಿಸ್ಕನ್ನು ಕಿತ್ತುಕೊಂಡು ಅವಳು ಮೆಟ್ಟಿಲಿಳಿದಳು. ಅಂಗಡಿಗೆ ಹೋಗಿ, "ಸರ್, ದೊಡ್ಡದೇ ಪ್ಯಾಕ್ ಮಾಡಿ," ಎಂದಳು.

ಹಿಂದೆಯೇ ಬಂದ ಬಸವಕುಮಾರ್ ಎಂದಿನಂತೆ ಬ್ಯಾಗಿಗೆ ಕೈ ಚಾಚಿದ. "ಬಿಡು," ಎಂದಳು ಚಿತ್ರಾ. ಅಂಗಡಿಯಲ್ಲಿ ಆಡಿದ ಆ ಒಂದು ಮಾತೇ ಅವನೊಂದಿಗೆ ಆಡಿದ ಕೊನೆಯ ಮಾತಾಯಿತು.

ಮನೆಗೆ ಹೋದರೆ ಅಪ್ಪನ ಮುಖ ನೋಡಬೇಕು. ಅವಳು ಹಳೇಬೀಡಿನ ಬಸ್ ಹತ್ತಿದಳು. ಜಾವಗಲ್ ದಾಟುವವರೆಗೂ ನಿಂತೇ ಇದ್ದಳು. ಬ್ಯಾಗಿನ ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು. ಹಳೇಬೀಡಿನಲ್ಲಿ ಬಸ್ ಬದಲಿಸಿ ಹಗರೆಯಲ್ಲಿ ಇಳಿದಾಗ ಡೈರಿಗೆ ಹಾಲು ಹಾಕುವವರು ಸಾಲು ನಿಂತಿದ್ದರು. ದೇವೀರಮ್ಮ ಖಾಲಿ ಕ್ಯಾನು ಹಿಡಿದು ಆಗತಾನೆ ಮನೆ ಕಡೆ ತಿರುಗಿದ್ದಳು.

"ಏನವ್ವಾ, ಹೇಳ್ದೆ ಕೇಳ್ದೆ ಬಂದ್ಬುಟ್ಟಿದ್ದೀಯ? ಆ ಹೆಗ್ಲಲ್ಲಿರೋದೇನು?"

"ಕಂಪ್ಯೂಟರ್ ಅಜ್ಜಿ. ನಿನ್ನ ಹಾಡು ನೋಡ್ಬೋದು ಇದ್ರಲ್ಲಿ."

"ಹಂಗಾರೆ ಹಾಕು, ನೋಡವ."

ಹಾಕಬಾರದಿತ್ತು ಎಂದು ಚಿತ್ರಾಗೆ ಆಮೇಲೆ ಅನ್ನಿಸಿತು. ಜಗುಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಮೊದಲ ದಿನದ ವಿಡಿಯೋ ಹಾಕಿದಳು. ಸ್ಟುಡಿಯೋದ ಹಳೆಯ ಕಂಪ್ಯೂಟರಿನಲ್ಲಿ ತಡೆತಡೆದು ಓಡುತ್ತಿದ್ದದ್ದು ಇದರಲ್ಲಿ ನೀರು ಹರಿದಂತೆ ಓಡಿತು. ಗದ್ದೆಯ ಬದುವಿನ ಮೇಲೆ ದೇವೀರಮ್ಮ ಕೂತಿದ್ದಾಳೆ. ನಾಟಿ ಹಾಡಿನಲ್ಲಿ ಒಬ್ಬರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಆ ದಿನ ಜೊತೆಗೆ ಹೇಳುವವರು ಯಾರೂ ಇರಲಿಲ್ಲ; ಒಬ್ಬಳೇ ಹೇಳಲಾರೆ ಎಂದು ಅಜ್ಜಿ ಕೂತುಬಿಟ್ಟಿದ್ದಳು. ಆಗ ಕ್ಯಾಮೆರಾ ಹಿಂದಿನಿಂದ ಬಸವಕುಮಾರ್, "ನಾನು ಹೇಳ್ತೀನಿ ಅಜ್ಜಿ, ನೀವು ಶುರು ಮಾಡಿ," ಎಂದಿದ್ದ. ಅಜ್ಜಿ ಒಂದು ಸಾಲು, ಅವನು ಒಂದು ಸಾಲು. ರಾಗ ತಪ್ಪಿದಾಗ ಅವನು ನಕ್ಕದ್ದು, ನಡುವೆ ಅಜ್ಜಿ ಹಾಡು ನಿಲ್ಲಿಸಿ, "ಬಿಸ್ಲಲ್ಲಿ ನಿಂತಿದ್ದೀಯಲ್ಲ ಮಗಾ, ಒಂಚೂರು ಮಜ್ಜಿಗೆ ಕುಡಿ," ಎಂದದ್ದು, ಎಲ್ಲವೂ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿ ಬಂತು.

ದೇವೀರಮ್ಮನ ಮುಖ ಅರಳಿತು. "ಅವನ್ದೇ ದನಿ! ಎಲ್ಲವ್ನೆ ಅವ್ನು? ಯಾಕೆ ಕರ್ಕೊಂಡ್ ಬರ್ಲಿಲ್ಲ?"

"ಇನ್ನು ಬರಲ್ಲ ಅಜ್ಜಿ. ಅವರ ಮನೇಲಿ ಅವನಿಗೆ ಬೇರೆ ಹುಡುಗಿ ನೋಡಿದಾರೆ."

ದೇವೀರಮ್ಮನ ವಯಸ್ಸಿಗೆ ಕಾರಣ ಕೇಳಬೇಕಾಗಿರಲಿಲ್ಲ. ಯಾರಿಗೋ ಹೇಳುವಂತೆ, "ನಮ್ಮನೇಲಿ ಕೂತ್ಕಂಡು ಮುದ್ದೆ ಉಂಡಿದ್ನಲ್ಲೇ. ಎರಡ್ನೇ ಸಲ ಸಾರು ಹಾಕುಸ್ಕಂಡಿದ್ದ. ನಾನು ನಂಬ್ಬುಟ್ಟೆ," ಎಂದಳು.

ಚಿತ್ರಾ ಅಂದು ಮೊದಲ ಬಾರಿಗೆ ಅತ್ತದ್ದು ಆಗಲೇ. ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ, ಸೀರೆಯ ಹಾಲಿನ ವಾಸನೆಯಲ್ಲಿ, ದನಿ ಬತ್ತುವವರೆಗೂ ಅತ್ತಳು.

ಆಷಾಢಕ್ಕೆ ಮುಂಚೆ ಅವನ ಮದುವೆಯಾಯಿತು. ಸ್ಟುಡಿಯೋ ಮುಚ್ಚಿ ಮಂಡಿಯಲ್ಲಿ ಕೂರುತ್ತಿದ್ದಾನೆ ಎಂದು ಜಯದೇವಪ್ಪನವರೇ ಒಮ್ಮೆ ಹೇಳಿದರು. ಚಿತ್ರಾ ಹಟ ಹಿಡಿದು ಎಡಿಟಿಂಗ್ ಕಲಿತಳು. ಹಗುರದ್ದನ್ನು ಕೊಂಡಿದ್ದರೆ, "ಇದರಲ್ಲಿ ಆಗಲ್ಲ" ಎಂದು ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಟ್ಟು ಸುಮ್ಮನಾಗಬಹುದಿತ್ತು. ಭಾರದ್ದನ್ನು ಕೊಂಡಿದ್ದರಿಂದ ನೆಪವೇ ಉಳಿಯಲಿಲ್ಲ. ಕಾಲೇಜಿನಿಂದ ಬಂದವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂರುವಳು. ಪ್ರತಿ ಹಾಡಿನ ಹಿಂದೆ, ಮುಂದೆ, ನಡುವೆ ಅವನಿದ್ದ. "ಅಜ್ಜಿ, ಈ ಕಡೆ ನೋಡಿ." "ಇನ್ನೊಂದ್ಸಲ ಹೇಳ್ತೀರಾ?" "ಚಿತ್ರಾ, ನಿನ್ನ ನೆರಳು ಬೀಳ್ತಿದೆ, ಸರ್ಕೋಳೇ." ಒಂದೊಂದನ್ನೂ ಗುರುತು ಹಾಕಿ ಕತ್ತರಿಸಬೇಕು. ಕತ್ತರಿಸಲು ಮತ್ತೆ ಮತ್ತೆ ಕೇಳಬೇಕು. ಹಾಗೆ ತನ್ನ ಕೈಯಿಂದಲೇ ಅವನನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಹಾಕಿದಳು. ಭೀಮರಾಜ್ ಒಮ್ಮೆ ಬಾಗಿಲಲ್ಲಿ ನಿಂತು, "ಸಾಕು ಬಿಡಮ್ಮ, ಆ ಸಿನಿಮಾ ಇಲ್ದಿದ್ರೆ ಏನಾಗುತ್ತೆ?" ಎಂದರು. ಅವಳು ಇನ್ನೊಂದು ಗುರುತು ಹಾಕಿದಳು.

ಎಲ್ಲ ಮುಗಿದ ಮೇಲೆ ದೇವೀರಮ್ಮನ ಹಾಡು ಉಳಿಯಿತು. ಎಷ್ಟು ಪ್ರಯತ್ನಿಸಿದರೂ ಅದರಿಂದ ಅವನನ್ನು ಬೇರೆ ಮಾಡಲು ಆಗಲಿಲ್ಲ. ಅವನ ಸಾಲುಗಳನ್ನು ತೆಗೆದರೆ ಅಜ್ಜಿಯ ಸಾಲುಗಳು ಉತ್ತರವಿಲ್ಲದ ಕೂಗಿನಂತೆ ಕೇಳುತ್ತಿದ್ದವು. ಎರಡು ದನಿಯೂ ಒಂದರ ಮೇಲೊಂದು ಬಿದ್ದ ಕಡೆ ಕತ್ತರಿಸಿದರೆ ಅಜ್ಜಿಯ ಮಾತೂ ತುಂಡಾಗುತ್ತಿತ್ತು. ಹಾಗೇ ಬಿಡೋಣವೆಂದರೆ, ಊರವರ ಮುಂದೆ ಕೂತು ಆ ದನಿ ಕೇಳುವ ಶಕ್ತಿ ಅವಳಲ್ಲಿರಲಿಲ್ಲ. ಹೊಸದಾಗಿ ಹಾಡಿಸಿಕೊಳ್ಳೋಣವೆಂದರೆ ಆ ಚಳಿಗಾಲದ ಕೆಮ್ಮಿನ ಮೇಲೆ ಅಜ್ಜಿಯ ಗಂಟಲು ಒಡೆದುಹೋಗಿತ್ತು. ಆ ಒಂದು ಹಾಡನ್ನು ಬಿಟ್ಟು ಸಿನಿಮಾ ಮುಗಿಸಿದಳು.

ಹಗರೆಯ ಶಾಲೆಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದರು. ಹುಲಿಕೆರೆಯಿಂದ, ಹಳೇಬೀಡಿನಿಂದ ಹಾಡಿದ ಮುದುಕಿಯರೆಲ್ಲ ಮಕ್ಕಳು ಮೊಮ್ಮಕ್ಕಳ ಜೊತೆ ಬಂದರು. ದೇವೀರಮ್ಮ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಪರದೆಯ ಮೇಲೆ ತಮ್ಮ ಮುಖ ಕಂಡವರೆಲ್ಲ ನಾಚಿ ನಕ್ಕರು, ಸೆರಗು ಬಾಯಿಗೆ ಅಡ್ಡ ಹಿಡಿದರು. ಪ್ರತಿ ಹಾಡು ಮುಗಿದಾಗಲೂ ದೇವೀರಮ್ಮ ಪಕ್ಕದವಳಿಗೆ, "ಈಗ ನಂದು," ಎನ್ನುತ್ತಿದ್ದಳು. ಕೊನೆಗೆ ಹೆಸರುಗಳು ಬಂದವು, ದೀಪ ಹೊತ್ತಿತು, ಜನ ಚಪ್ಪಾಳೆ ತಟ್ಟಿದರು.

"ನಂದು ಬರ್ಲೇ ಇಲ್ವಲ್ಲ ಮಗಾ," ಎಂದಳು ದೇವೀರಮ್ಮ.

"ಅದು ಸರಿಯಾಗಿ ಬಂದಿರ್ಲಿಲ್ಲ ಅಜ್ಜಿ."

"ಆವತ್ತು ಜಗ್ಲಿ ಮ್ಯಾಲೆ ಚೆಂದಾಗೇ ಬಂದಿತ್ತಲ್ಲ."

ಚಿತ್ರಾ ಪ್ಲಗ್ ಕೀಳುವ ನೆಪದಲ್ಲಿ ಬಗ್ಗಿದಳು. ಅಜ್ಜಿ ಅವಳ ಬೆನ್ನನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದಳು. "ಹಸು ಕರ್ಯೋ ಹೊತ್ತಾಯ್ತು," ಎಂದು ಎದ್ದು, ಬೆಂಚುಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತ ಬಾಗಿಲ ಕಡೆಗೆ ನಡೆದಳು.